ಚಾಳಿ ಮತ್ತು ದಾಳಿ ಒಂದೇ ಅಂತೆ!

"ಕನ್ನಡ ಡೇಟಾ ಇದ್ರೆ ಹೀಗೇ ಆಗೋದು. ಎಲ್ಲಾನೂ ಇಂಗ್ಲಿಷ್ ಅಕ್ಷರಕ್ಕೆ ಹಾಕಿಬಿಡಿ, ಟೂಲ್ ಸರಿ ಹೋಗತ್ತೆ." ಮಿನಿ ಪ್ರಾಜೆಕ್ಟ್ ರಿವ್ಯೂನಲ್ಲಿ ನಮ್ಮ ನಾಲ್ವರಿಗೆ ಸಿಕ್ಕ ಸಲಹೆ ಇದು. ಹೇಳಿದವರ ಮೇಲೆ ನಮಗೆ ಸಿಟ್ಟಿಲ್ಲ, ಡೆಡ್‌ಲೈನ್ ಹತ್ತಿರ ಇದ್ದಾಗ ಯಾರಾದ್ರೂ ಹಾಗೇ ಹೇಳ್ತಾರೆ. ಆದರೆ ಆ ಸಲಹೆ ತಪ್ಪು ಅನ್ನುವುದು ನಮ್ಮ ಅಭಿಪ್ರಾಯ. ಕನ್ನಡದ ಮೇಲಿನ ಅಭಿಮಾನಕ್ಕೆ ಈ ಮಾತು ಹೇಳುತ್ತಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದಲೇ ಅದು ತಪ್ಪು.

ವಿಷಯ ಇಷ್ಟು. ಒಂದು ಸಣ್ಣ ಊರಿನ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್‌ನಲ್ಲಿದೆ. ಒಂದಲ್ಲ, ಎರಡು ಫೈಲ್. ಹಳೇ ಕಂಪ್ಯೂಟರ್‌ನಲ್ಲಿ ಒಂದು ಎಂಡಿಬಿ ಫೈಲ್, ಅದರಲ್ಲಿ ಹೆಸರುಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿವೆ. ಹೊಸ ಕಂಪ್ಯೂಟರ್‌ನಲ್ಲಿ ಎಸಿಸಿಡಿಬಿ ಫೈಲ್, ಅದು ಯೂನಿಕೋಡ್. ಕೆಲವು ಕಾಲ ಎರಡರಲ್ಲೂ ಎಂಟ್ರಿ ನಡೆದಿದೆ. ಹಳೇ ಕಂಪ್ಯೂಟರನ್ನು ಸ್ಕ್ರ್ಯಾಪ್‌ಗೆ ಹಾಕುವ ಮುಂಚೆ ಯಾವ ಪುಸ್ತಕ ಯಾವುದರಲ್ಲಿ ಮಾತ್ರ ಇದೆ ಅಂತ ಗೊತ್ತಾಗಬೇಕು. ಹೋಲಿಸುವ ಟೂಲ್ "ವ್ಯತ್ಯಾಸ ಇಲ್ಲ" ಅಂತ ಸುಳ್ಳು ಹೇಳಿದರೆ ಆ ಸಾಲು ಹಳೇ ಹಾರ್ಡ್ ಡಿಸ್ಕ್ ಜೊತೆಗೇ ಹೋಗುತ್ತದೆ.

ಎರಡು ಫೈಲ್‌ಗಳನ್ನು ಹೋಲಿಸುವುದು ಏನ್ ಮಹಾ, ಗಿಟ್ ಇದೆಯಲ್ಲ ಅಂತ ಅನ್ನಿಸಬಹುದು. ಆಗಲ್ಲ. ಆಕ್ಸೆಸ್‌ನಲ್ಲಿ ಟೇಬಲ್, ಕ್ವೆರಿ, ಫಾರ್ಮ್, ರಿಪೋರ್ಟ್ ಎಲ್ಲ ಒಂದೇ ಬೈನರಿ ಫೈಲ್‌ನೊಳಗೆ ಇರುತ್ತವೆ. ಒಂದು ಸಾಲೂ ಬದಲಿಸದೆ ಬರೀ ಕಾಂಪ್ಯಾಕ್ಟ್ ಅಂಡ್ ರಿಪೇರ್ ಮಾಡಿದರೂ ಒಳಗಿನ ಬೈಟ್‌ಗಳು ಬದಲಾಗುತ್ತವೆ. ಆದ್ದರಿಂದ ಚೆಕ್‌ಸಮ್ ನೋಡಿದರೆ ಏನೂ ತಿಳಿಯಲ್ಲ. ಡೇಟಾಬೇಸ್ ಕಂಪೇರ್ ಅನ್ನುವ ಟೂಲ್ ಆಫೀಸ್ ಪ್ರೊಫೆಷನಲ್ ಪ್ಲಸ್ 2013ರ ಜೊತೆ ಬಂದದ್ದು, ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಲ್ಲಿರುವ ಹೋಮ್ ಆವೃತ್ತಿಗಳಲ್ಲಿ ಅದು ಇರುವುದಿಲ್ಲ. ಹಾಗಾಗಿ ನಾವು ಎರಡು ದಾರಿ ಹಿಡಿದೆವು: ಆಕ್ಸೆಸ್‌ನೊಳಗೇ ಒಂದು ಕ್ವೆರಿ, ಹೊರಗಿನಿಂದ ಒಂದು ಪೈಥಾನ್ ಸ್ಕ್ರಿಪ್ಟ್.

ಡ್ರೈವರ್ ತಾಪತ್ರಯ ಎಲ್ಲರಿಗೂ ಬರುವಂಥದ್ದು, ಅದನ್ನು ಬೇಗ ಹೇಳಿ ಮುಗಿಸುತ್ತೇವೆ. ಪೈಥಾನ್ 64 ಬಿಟ್, ಆಕ್ಸೆಸ್ ಡ್ರೈವರ್ 32 ಬಿಟ್ ಇದ್ದರೆ "ಡ್ರೈವರೇ ಸಿಗಲಿಲ್ಲ" ಅನ್ನುವ ಅರ್ಥದ ಎರರ್ ಬರುತ್ತದೆ. ಡ್ರೈವರ್ ಅಲ್ಲೇ ಇರುತ್ತದೆ, ಎರಡೂ ಒಂದೇ ಬಿಟ್‌ನದಾಗಿರಬೇಕು ಅಷ್ಟೆ. ಫೈಲ್ ಪಕ್ಕದಲ್ಲಿ ಲಾಕ್ ಫೈಲ್ ಕಾಣಿಸುತ್ತಿದ್ದರೆ ಬೇರೆ ಯಾರೋ ಅದನ್ನು ತೆರೆದಿದ್ದಾರೆ ಅಂತ ಅರ್ಥ. ಮತ್ತೆ, ಯಾವತ್ತೂ ಮೂಲ ಫೈಲ್ ಮೇಲೆ ಕೈ ಇಡಬೇಡಿ, ಕಾಪಿ ಮಾಡಿಕೊಳ್ಳಿ.

ನಿಜವಾದ ಕೆಲಸ ಶುರುವಾಗುವುದು ಟೂಲ್ ಓಡಿದ ಮೇಲೆ. ಎರರ್ ಕೊಡುವ ಟೂಲ್ ಒಳ್ಳೇದು, ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಎರರ್ ಇಲ್ಲದೆ ತಪ್ಪು ಉತ್ತರ ಕೊಡುವ ಟೂಲ್ ಅಪಾಯ. ಅದಕ್ಕೆ ನಾವು ಎರಡು ಪರೀಕ್ಷೆ ಇಟ್ಟುಕೊಂಡೆವು. ಇವೆರಡನ್ನು ಮಾಡದೆ ಯಾವ ಕಂಪೇರ್ ಟೂಲನ್ನೂ ನಂಬಬಾರದು ಅನ್ನುವುದು ನಮ್ಮ ಮೊದಲ ವಾದ. ಒಂದು, ಫೈಲನ್ನು ಅದರ ಕಾಪಿ ಜೊತೆಗೇ ಹೋಲಿಸಿ, ಉತ್ತರ ಸೊನ್ನೆ ಬರಬೇಕು. ಎರಡು, ಕಾಪಿಯಲ್ಲಿ ಬೇಕಂತಲೇ ಒಂದು ಸಾಲು ಬದಲಿಸಿ, ಉತ್ತರ ಒಂದೇ ಬರಬೇಕು.

ಮೊದಲ ಪರೀಕ್ಷೆಯಲ್ಲಿ ಪೈಥಾನ್ ಸ್ಕ್ರಿಪ್ಟ್ ಫೇಲ್. ಬೆಲೆ ತುಂಬದೇ ಇದ್ದ ಸಾಲುಗಳನ್ನೆಲ್ಲ "ಬೇರೆ" ಅಂದಿತು. ಕಾರಣ, ಪಾಂಡಾಸ್ ಲೈಬ್ರರಿಯಲ್ಲಿ ಖಾಲಿ ಸಂಖ್ಯೆ ತನಗೆ ತಾನೇ ಸಮ ಅಲ್ಲ! ಆಕ್ಸೆಸ್ ಕ್ವೆರಿಯಲ್ಲಿ ಇದರ ಉಲ್ಟಾ. ಅಲ್ಲಿ ನಲ್ ಮೌಲ್ಯವನ್ನು ಯಾವುದರ ಜೊತೆ ಹೋಲಿಸಿದರೂ ಉತ್ತರ ನಲ್. ಒಂದು ಫೈಲ್‌ನಲ್ಲಿ ಬೆಲೆ ಇದ್ದು ಇನ್ನೊಂದರಲ್ಲಿ ಖಾಲಿ ಇದ್ದರೆ ಆ ಸಾಲು ವ್ಯತ್ಯಾಸದ ಪಟ್ಟಿಗೇ ಬರಲ್ಲ. ಒಂದು ಟೂಲ್ ಇಲ್ಲದ ಜಗಳ ಹಚ್ಚುತ್ತೆ, ಇನ್ನೊಂದು ಇರೋ ಜಗಳ ಮುಚ್ಚಿಡುತ್ತೆ. ಗಮನಿಸಿ, ಇಲ್ಲಿಯವರೆಗೆ ಕನ್ನಡದ ಸುದ್ದಿಯೇ ಬಂದಿಲ್ಲ. ಇದೇ ಪಟ್ಟಿ ಇಂಗ್ಲಿಷ್‌ನಲ್ಲಿದ್ದರೂ ಹೀಗೇ ಆಗುತ್ತಿತ್ತು.

ಆಟೋನಂಬರ್‌ನ ಕಥೆಯೂ ಹಾಗೇ. ಎರಡು ಫೈಲ್‌ಗಳಲ್ಲಿ ಬೇರೆ ಬೇರೆಯಾಗಿ ಸಾಲು ಸೇರಿಸಿದಾಗ ಒಂದೇ ಐಡಿ ಬೇರೆ ಬೇರೆ ಪುಸ್ತಕಕ್ಕೆ ಬೀಳುತ್ತದೆ. ಐಡಿ ಹಿಡಿದು ಹೋಲಿಸಿದರೆ ಅರ್ಧ ಲೈಬ್ರರಿಯೇ ಬದಲಾದಂತೆ ಕಾಣುತ್ತೆ. ಪುಸ್ತಕದ ಮೇಲೆ ಬರೆದಿರುವ ಅಕ್ಸೆಷನ್ ನಂಬರ್ ಹಿಡಿದು ಹೋಲಿಸಬೇಕು.

ಇನ್ನು ಎರಡನೇ ಪರೀಕ್ಷೆ. ನುಡಿ ಫೈಲ್‌ನ ಕಾಪಿಯಲ್ಲಿ ಒಂದು ಶೀರ್ಷಿಕೆಯಲ್ಲಿದ್ದ "ದಾಳಿ" ಅನ್ನುವ ಪದವನ್ನು "ಚಾಳಿ" ಅಂತ ಬದಲಿಸಿದೆವು. ಆಕ್ಸೆಸ್ ಕ್ವೆರಿಯ ಉತ್ತರ: ವ್ಯತ್ಯಾಸ ಸೊನ್ನೆ. ಮತ್ತೆ ಓಡಿಸಿದರೂ ಸೊನ್ನೆ. ಪೈಥಾನ್ ಮಾತ್ರ ಸರಿಯಾಗಿ ಒಂದು ಅಂದಿತು.

ಕಾರಣ ಗೊತ್ತಾದಾಗ ನಮಗೆ ನಗು ಬಂತು, ಸ್ವಲ್ಪ ಭಯಾನೂ ಆಯ್ತು. ನುಡಿಯ ಹಳೇ ಫಾಂಟ್‌ನಲ್ಲಿ ಫೈಲ್‌ನೊಳಗೆ ಇರುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳ ಕೋಡ್‌ಗಳಿಗೆ ಕನ್ನಡದ ಚಿತ್ರ ಅಂಟಿಸಿರುತ್ತಾರೆ. "ಕನ್ನಡ" ಅನ್ನುವ ಪದ ಅಲ್ಲಿ ಏಳು ಚಿಹ್ನೆ, ಅದರಲ್ಲಿ ಒಂದು ಬ್ರಿಟಿಷ್ ಪೌಂಡ್ ಗುರುತು! ಯೂನಿಕೋಡ್‌ನಲ್ಲಿ ಅದೇ ಪದ ಐದು ಕೋಡ್‌ಪಾಯಿಂಟ್. ನುಡಿಯಲ್ಲಿ "ಚಾ" ಶುರುವಾಗುವುದು ದೊಡ್ಡ ಝೆಡ್‌ನಿಂದ, "ದಾ" ಶುರುವಾಗುವುದು ಸಣ್ಣ ಝೆಡ್‌ನಿಂದ. ಆಕ್ಸೆಸ್ ಕ್ವೆರಿ ಪಠ್ಯ ಹೋಲಿಸುವಾಗ ದೊಡ್ಡ ಅಕ್ಷರ, ಸಣ್ಣ ಅಕ್ಷರ ಅಂತ ಭೇದ ಮಾಡಲ್ಲ. ಇಂಗ್ಲಿಷ್‌ಗೆ ಅದು ಅನುಕೂಲವೇ. ಇಲ್ಲಿ ಮಾತ್ರ ಚಾಳಿ, ದಾಳಿ ಎರಡೂ ಒಂದೇ ಆಗಿಬಿಟ್ಟವು. ಚರ, ದರ ಎರಡೂ ಒಂದೇ. ಸ್ಟ್ರ್‌ಕಾಂಪ್ ಫಂಕ್ಷನ್ ಬಳಸಿ ಬೈನರಿ ಹೋಲಿಕೆ ಕೇಳಿದರೆ ಇದು ಸರಿಯಾಗುತ್ತದೆ. ಒಂದೇ ಸಾಲಿನ ಬದಲಾವಣೆ.

ಹಾಗಂತ ನುಡಿಯನ್ನು ಬೈಯುವುದು ಅನ್ಯಾಯ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ, ವಿಂಡೋಸ್ ಜೊತೆಗೆ ತುಂಗಾ ಅನ್ನುವ ಕನ್ನಡ ಫಾಂಟ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆಮೇಲೂ ಎಷ್ಟೋ ಕಚೇರಿಗಳ ಹಳೇ ಕಂಪ್ಯೂಟರ್‌ಗಳಲ್ಲಿ ಕನ್ನಡ ಟೈಪ್ ಮಾಡಲು ಇದ್ದದ್ದು ನುಡಿ, ಬರಹಗಳೇ. ಅವು ಇಲ್ಲದಿದ್ದರೆ ಇವತ್ತು ಹೋಲಿಸಲಿಕ್ಕೆ ಕನ್ನಡದ ಪಟ್ಟಿಯೇ ಇರುತ್ತಿರಲಿಲ್ಲ.

ಈಗ ಆ ಸಲಹೆಗೆ ಬರೋಣ. ಇಂಗ್ಲಿಷ್ ಅಕ್ಷರಕ್ಕೆ ಹಾಕಿದರೆ ಏನಾಗುತ್ತೆ? ನಾವು ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಬರೆದರೆ "ಕಲೆ", "ಕಳೆ" ಎರಡಕ್ಕೂ ಒಂದೇ ನಾಲ್ಕು ಅಕ್ಷರ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಅಭ್ಯಾಸ, ಸಂದರ್ಭ ನೋಡಿ ಅರ್ಥ ಮಾಡ್ಕೋತೀವಿ. ಟೂಲ್‌ಗೆ ಸಂದರ್ಭ ಗೊತ್ತಿಲ್ಲ. ಸರಿ, ಬರಹದ ಕೀಲಿಯ ರೀತಿ ಳ-ಕಾರಕ್ಕೆ ದೊಡ್ಡ ಎಲ್, ಲ-ಕಾರಕ್ಕೆ ಸಣ್ಣ ಎಲ್ ಹಾಕೋಣ ಅಂದರೆ, ವ್ಯತ್ಯಾಸ ಉಳಿಯುವುದು ದೊಡ್ಡಕ್ಷರ ಸಣ್ಣಕ್ಷರದಲ್ಲಿ ಮಾತ್ರ. ಆಕ್ಸೆಸ್ ಅದನ್ನು ನೋಡೋದೇ ಇಲ್ಲ ಅಂತ ಈಗ ತಾನೇ ಹೇಳಿದೆವು. ಅಂದರೆ ಯಾವ ಕಾಯಿಲೆಗೆ ಔಷಧಿ ಅಂತ ಕೊಟ್ಟರೋ ಅದೇ ಕಾಯಿಲೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ ಇಟ್ಟದ್ದರಿಂದಲೇ ಚಾಳಿ ದಾಳಿ ಒಂದಾದದ್ದು. ಹುಡುಕಲು ಅನುಕೂಲ ಅಂತ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಇನ್ನೊಂದು ಕಾಲಂ ಬೇಕಾದರೆ ಇಡಿ, ನಮ್ಮ ಅಭ್ಯಂತರ ಇಲ್ಲ. ಮೂಲ ಕಾಲಂ ಅಳಿಸಬೇಡಿ.

ನಾವು ಮಾಡಿದ್ದು ನುಡಿಯ ಸಾಲುಗಳನ್ನು ಯೂನಿಕೋಡ್‌ಗೆ ತಂದು ಹೋಲಿಸುವುದು. ಕನ್ವರ್ಟರ್‌ಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಕಣ್ಣುಮುಚ್ಚಿ ಓಡಿಸುವ ಹಾಗಿಲ್ಲ, ಒಂದೇ ಕಾಲಂನಲ್ಲಿ ಇಂಗ್ಲಿಷ್ ಪುಸ್ತಕದ ಹೆಸರಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತೆ. ಅವನ್ನು ಮೊದಲೇ ಬೇರೆ ಇಡಬೇಕು.

ಯೂನಿಕೋಡ್‌ಗೆ ಬಂದರೂ ಎಲ್ಲ ಮುಗಿಯಲ್ಲ. "ಕೊ" ಬರೆಯಲು ಒ-ಕಾರದ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ ಆಗಿ ಇಡಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ನಾರ್ಮಲೈಸ್ ಅನ್ನುವ ಒಂದು ಫಂಕ್ಷನ್ ಇದನ್ನು ಸರಿಮಾಡುತ್ತೆ. ಅದರಿಂದಲೂ ಹೋಗದೇ ಇರುವುದು ಝೀರೋ ವಿಡ್ತ್ ನಾನ್‌ಜಾಯ್ನರ್. "ಕುಮಾರ್" ಅನ್ನುವ ಹೆಸರಿನ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಗೊತ್ತಾಗಲ್ಲ. ಹೋಲಿಸುವ ಕೀಲಿಯಿಂದ ಮಾತ್ರ ಅದನ್ನು ತೆಗೆಯಬೇಕು, ಡೇಟಾದಿಂದಲೇ ತೆಗೆದರೆ "ಸಾಫ್ಟ್‌ವೇರ್" ಥರದ ಪದಗಳ ಮಧ್ಯೆ ಒತ್ತಕ್ಷರ ಹುಟ್ಟಿಕೊಳ್ಳುತ್ತೆ.

ಇಷ್ಟಕ್ಕೂ ಸೇರಿ ನಮ್ಮ ಸ್ಕ್ರಿಪ್ಟ್‌ಗೆ ಹೆಚ್ಚಾದದ್ದು ಬೆರಳೆಣಿಕೆಯಷ್ಟು ಸಾಲು. "ಕನ್ನಡ ಇದ್ರೆ ಹೀಗೇ" ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಕಾರಣ ಹುಡುಕದೆ ಭಾಷೆಯ ಮೇಲೆ ಹಾಕುವುದು ಟ್ರಬಲ್‌ಶೂಟಿಂಗ್ ಅಲ್ಲ. ಡಿಬಿಎಂಎಸ್ ಲ್ಯಾಬ್‌ನಲ್ಲಿ ನಮಗೆ ಸಿಗುವ ಟೇಬಲ್‌ಗಳಲ್ಲಿ ಉದ್ಯೋಗಿಗಳ ಹೆಸರೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ, ಖಾಲಿ ಜಾಗ ಒಂದೂ ಇರಲ್ಲ. ಅದರಲ್ಲಿ ಒಂದೇ ಒಂದು ಕನ್ನಡ ಕಾಲಂ, ನಾಲ್ಕೈದು ನಲ್ ಸೇರಿಸಿ ಅಂತ ಡಿಪಾರ್ಟ್‌ಮೆಂಟನ್ನು ಕೇಳಿಕೊಳ್ಳುತ್ತೇವೆ. ಸಿಲಬಸ್ ಏನೂ ಬದಲಾಗಬೇಕಿಲ್ಲ.

ಎಲ್ಲ ಸೋಸಿದ ಮೇಲೆ ಒಂದು ಪಟ್ಟಿ ಉಳಿದಿದೆ. ಒಂದರಲ್ಲಿ ಶ, ಇನ್ನೊಂದರಲ್ಲಿ ಷ. ಒಂದರಲ್ಲಿ ಲೇಖಕರ ಇನಿಷಿಯಲ್ ಇದೆ, ಇನ್ನೊಂದರಲ್ಲಿಲ್ಲ. ಇವು ನಿಜವಾದ ವ್ಯತ್ಯಾಸಗಳು, ಯಾವುದು ಸರಿ ಅಂತ ಯಾವ ಟೂಲೂ ಹೇಳಲಾರದು. ಗ್ರಂಥಾಲಯದ ಮೇಡಂ ಪ್ರಿಂಟ್ ತೆಗೆದುಕೊಂಡು ಕಪಾಟಿನ ಮುಂದೆ ನಿಂತು ಪುಸ್ತಕ ತೆಗೆದು ನೋಡಿ ಟಿಕ್ ಹಾಕುತ್ತಿದ್ದಾರೆ. ಅದು ಮುಗಿಯುವವರೆಗೆ ಹಳೇ ಕಂಪ್ಯೂಟರ್ ಯಾರಿಗೂ ಕೊಡಬೇಡಿ ಅಂತ ಹೇಳಿ ಬಂದಿದ್ದೇವೆ.