ಹದಿನೇಳು ವರ್ಷಗಳ ಹಕ್ಕು

ಎಫ್.ಎಂ. ರೇಡಿಯೋ ಉಳ್ಳವರು ಅದರ ಮುಖದ ಮೇಲೆ 88 ರಿಂದ 108 ರವರೆಗಿನ ಅಂಕಿಗಳನ್ನು ನೋಡಿರಬಹುದು. ಹೊರಗೆ ಗುಡುಗು ಮಿಂಚುಗಳಿದ್ದರೂ ಈ ರೇಡಿಯೋದಲ್ಲಿ ಸಂಗೀತವು ತಿಳಿಯಾಗಿಯೇ ಕೇಳಿಬರುವುದು. ಈ ಸೌಖ್ಯವನ್ನು ಲೋಕಕ್ಕೆ ದೊರಕಿಸಿದವನು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್. ಅದರಿಂದ ಆತನಿಗೆ ದೊರೆತುದೇನೆಂಬುದನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಹಳೆಯ ಪದ್ಧತಿಯಲ್ಲಿ ಧ್ವನಿಗೆ ತಕ್ಕಂತೆ ರೇಡಿಯೋ ಅಲೆಯ ಬಲವು ಹೆಚ್ಚು ಕಡಮೆಯಾಗುತ್ತಿದ್ದಿತು. ಮಿಂಚಿನಿಂದಲೂ ಅಂತಹ ಏರಿಳಿತವೇ ಉಂಟಾಗುವುದರಿಂದ ಎರಡೂ ಬೆರೆತು ಕಿವಿಗೆ ಬೀಳುತ್ತಿದ್ದುವು. ಆರ್ಮ್‌ಸ್ಟ್ರಾಂಗನು ಬಲವನ್ನು ಇದ್ದಂತೆಯೇ ಇರಿಸಿ, ಅಲೆಯು ಸೆಕೆಂಡಿಗೆ ಕಂಪಿಸುವ ಎಣಿಕೆಯನ್ನು ಧ್ವನಿಗೆ ತಕ್ಕಂತೆ ಬದಲಿಸಿದನು. 1933ನೆಯ ಡಿಸೆಂಬರ್ 26ರಂದು ಆತನಿಗೆ ಇದರ ಪೇಟೆಂಟುಗಳು ದೊರೆತುವು. ಹೊಸದೊಂದನ್ನು ಕಂಡುಹಿಡಿದವನ ಒಪ್ಪಿಗೆಯಿಲ್ಲದೆ ಇತರರು ಅದನ್ನು ಬಳಸಕೂಡದೆಂದು ಸರ್ಕಾರವು ಕೊಡುವ ಹಕ್ಕೇ ಪೇಟೆಂಟು. ಅಮೆರಿಕದಲ್ಲಿ ಆಗ ಅದರ ಅವಧಿ 17 ವರ್ಷ. ಎಂದರೆ, 1950ರ ಡಿಸೆಂಬರಿಗೆ ಹಕ್ಕು ಮುಗಿಯತಕ್ಕದ್ದು.

ಆರ್.ಸಿ.ಎ. ಎಂಬ ದೊಡ್ಡ ರೇಡಿಯೋ ಕಂಪೆನಿಯ ಅಧ್ಯಕ್ಷ ಡೇವಿಡ್ ಸಾರ್ನಾಫನು ಆತನ ಹಳೆಯ ಸ್ನೇಹಿತ. ಆರ್ಮ್‌ಸ್ಟ್ರಾಂಗನ ಪತ್ನಿ ಮೇರಿಯನ್ ಮದುವೆಗೆ ಮೊದಲು ಸಾರ್ನಾಫನ ಕಾರ್ಯದರ್ಶಿನಿಯಾಗಿದ್ದಳು. ಕಂಪೆನಿಯು ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಪರೀಕ್ಷೆಗೆ ಸ್ಥಳವನ್ನೂ ಕೊಟ್ಟಿತು. ಆದರೆ 1935ರಲ್ಲಿ, ಟೆಲಿವಿಷನ್ನಿಗೆ ಆ ಸ್ಥಳ ಬೇಕೆಂದು ಆತನ ಯಂತ್ರಗಳನ್ನು ತೆಗೆಯಿಸಿತು. ಆತನು ತನ್ನ ಹಣದಿಂದಲೇ ನಿಲಯವನ್ನು ಕಟ್ಟಿ ಸರ್ವರಿಗೂ ಕೇಳಿಸಿದ ಮೇಲೆ, 1940ರಲ್ಲಿ ಅದೇ ಕಂಪೆನಿಯು ಪರವಾನಗಿಗಾಗಿ ಮಾತುಕತೆಗೆ ಬಂದಿತು. ಒಂದೇ ಗಂಟಾಗಿ 10 ಲಕ್ಷ ಡಾಲರು ಕೊಡುವೆವು, ಮುಂದೆ ಪಾಲು ಕೇಳಕೂಡದು ಎಂಬುದು ಅದರ ಷರತ್ತು.

ಸಂಸಾರಸ್ಥರು ಯಾರಾದರೂ ತೆಗೆದುಕೊಳ್ಳಿರೆಂದೇ ಹೇಳಿಯಾರು. ಆದರೆ ಅಷ್ಟರಲ್ಲಿ ಬೇರೆ ಕಂಪೆನಿಗಳು ಶೇಕಡ 2ರಂತೆ ಪಾಲುಹಣ ಕೊಡುವುದಕ್ಕೆ ಒಪ್ಪಿದ್ದುವು. ಅವುಗಳಿಗೊಂದು ಅಳತೆ, ದೊಡ್ಡವರಿಗೊಂದು ಅಳತೆ ಸಲ್ಲದೆಂದು ಆರ್ಮ್‌ಸ್ಟ್ರಾಂಗನು ನಿರಾಕರಿಸಿದನು. ನಮ್ಮ ಮತದಲ್ಲಿ ಇದು ಹಟವಲ್ಲ, ನ್ಯಾಯ. ಇಂದು ಮೊಬೈಲು ಕಂಪೆನಿಗಳು ಆಡುವ ವ್ಯಾಜ್ಯಗಳಲ್ಲಿಯೂ ಹಲವೆಡೆ ಇದೇ ಪ್ರಶ್ನೆ ಏಳುತ್ತಿರುವುದು.

ಯುದ್ಧಕಾಲದಲ್ಲಿ ಆತನು ತನ್ನ ಪೇಟೆಂಟುಗಳನ್ನು ಸೈನ್ಯಕ್ಕೆ ಉಚಿತವಾಗಿ ಬಿಟ್ಟುಕೊಟ್ಟನು. ಯುದ್ಧವು ಮುಗಿಯುವಷ್ಟರಲ್ಲಿ, 1945ರಲ್ಲಿ, ಅಮೆರಿಕದ ಸರ್ಕಾರಿ ಮಂಡಲಿಯು ಎಫ್.ಎಂ. ಅನ್ನು ಅದರ ಹಳೆಯ ಸ್ಥಾನದಿಂದ ಮೇಲಕ್ಕೆ ಸರಿಸಿತು. ಮೇಲೆ ಹೇಳಿದ 88-108 ಅಲ್ಲಿ ನೆಲೆಗೊಂಡುದು ಹೀಗೆ. ಅಲ್ಲಿಯವರೆಗೆ ಜನರು ಕೊಂಡಿದ್ದ ಎಫ್.ಎಂ. ರೇಡಿಯೋಗಳು ನಿರುಪಯೋಗವಾದುವು, ಆರ್ಮ್‌ಸ್ಟ್ರಾಂಗನ ಹಕ್ಕಿನ ವರ್ಷಗಳು ಮಾತ್ರ ನಿಲ್ಲದೆ ಕಳೆಯುತ್ತಿದ್ದುವು.

ಆರ್.ಸಿ.ಎ. ಪಾಲು ಕೊಡದೆಯೇ ಎಫ್.ಎಂ. ಯಂತ್ರಗಳನ್ನು ಮಾರುತ್ತಿದ್ದುದರಿಂದ 1948ರಲ್ಲಿ ಆತನು ದಾವೆ ಹೂಡಿದನು. ವಿಚಾರಣೆಗೆ ಮುಂಚಿನ ಹೇಳಿಕೆಗಳಲ್ಲಿಯೇ ಕಂಪೆನಿಯ ವಕೀಲರು ಆತನನ್ನು ಸುಮಾರು ಒಂದು ವರ್ಷ ಪ್ರಶ್ನಿಸಿದರು. ಕಾಲ ಬೆಳೆದಷ್ಟೂ ಲಾಭ ಯಾರಿಗೆಂಬುದನ್ನು ಹೇಳಬೇಕಾದುದಿಲ್ಲ. 1950ರ ಕಡೆಯಲ್ಲಿ ಹಕ್ಕಿನ ಅವಧಿ ತೀರಿ ಪಾಲುಹಣವು ನಿಂತಿತು. ವಕೀಲರ ವೆಚ್ಚವು ನಿಲ್ಲಲಿಲ್ಲ. 1953ರಲ್ಲಿ ಸಾರ್ನಾಫನು, ಎಫ್.ಎಂ. ಬೆಳೆಯಲು ಎಲ್ಲರಿಗಿಂತ ಹೆಚ್ಚು ದುಡಿದುದು ತನ್ನ ಕಂಪೆನಿಯೇ ಎಂದು ಹೇಳಿಕೆ ಕೊಟ್ಟನು. ಅದೇ ವರ್ಷ ಆರ್ಮ್‌ಸ್ಟ್ರಾಂಗನು, ಮುಪ್ಪಿಗೆಂದು ಪತ್ನಿಯ ವಶದಲ್ಲಿಟ್ಟಿದ್ದ ಹಣವನ್ನು ಕೇಳಿದನು. ಆಕೆ ಕೊಡಲೊಲ್ಲದಿರಲು ಜಗಳವಾಗಿ, ಆಕೆಯ ಮೇಲೆ ಕೈಮಾಡಿದನು. ಮೂವತ್ತು ವರ್ಷ ಸಂಸಾರ ಮಾಡಿದ ಆಕೆ ಸೋದರಿಯ ಮನೆಗೆ ಹೊರಟುಹೋದಳು. 1954ನೆಯ ಜನವರಿ 31ರಂದು ಆತನು, ಆಕೆಯ ಕ್ಷಮೆಯನ್ನು ಬೇಡಿ ಕಾಗದ ಬರೆದಿಟ್ಟು, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ಆ ವರ್ಷದ ಕೊನೆಯಲ್ಲಿ ಆರ್.ಸಿ.ಎ. ರಾಜಿಯಾಯಿತು. ಕೊಟ್ಟ ಹಣ ಸುಮಾರು 10 ಲಕ್ಷ ಡಾಲರು. 1940ರಲ್ಲಿ ಆತನು ಬೇಡವೆಂದಷ್ಟೇ. ಮೇರಿಯನ್ ಅಲ್ಲಿಗೆ ಸುಮ್ಮನಾಗಲಿಲ್ಲ. ಹಕ್ಕಿನ ಅವಧಿಯಲ್ಲಿ ಪಾಲು ಕೊಡದೆ ಬಳಸಿದ್ದ ಇತರ ಕಂಪೆನಿಗಳ ಮೇಲಿನ ವ್ಯಾಜ್ಯಗಳನ್ನು ಒಂದೊಂದಾಗಿ ನಡೆಯಿಸಿದಳು. ಕಡೆಯದಾದ ಮೋಟೋರೋಲಾ ಮೊಕದ್ದಮೆಯು 1967ರಲ್ಲಿ ಆಕೆಯ ಪಕ್ಷಕ್ಕೇ ತೀರಿತು.