ಪೆಟ್ಟಿಗೆಯ ಮೇಲಿನ ಅಂಕಿ

ಗೇಟಿನ ಬಿಜಾಗರಿ ಮುರಿದರೆ ಅದನ್ನು ಪೇಟೆಗೆ ಹೊರಬೇಕಾಗಿಲ್ಲ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಈಗ ಸಣ್ಣ ಕೃಷಿಕನ ಕೈಗೂ ಎಟಕಿದೆ. ಸಂತೋಷ. ಆದರೆ ಪೆಟ್ಟಿಗೆಯ ಮೇಲಿನ ದೊಡ್ಡ ಆಂಪಿಯರ್ ಅಂಕಿಗೆ ಮರುಳಾಗಬಾರದೆಂದು ನಾವು ಹೇಳುತ್ತೇವೆ. ಮನೆಗೆಲಸದ 2.5 ಮಿ.ಮೀ. ರಾಡಿಗೆ 70ರಿಂದ 90 ಆಂಪಿಯರ್ ಸಾಕು. ಅಷ್ಟರಲ್ಲಿ 10 ನಿಮಿಷಕ್ಕೆ ಎಷ್ಟು ನಿಮಿಷ ಎಡೆಬಿಡದೆ ಬೆಸೆಯಬಹುದೆಂದು ಅಂಗಡಿಯವರಲ್ಲಿ ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ತೋಟದ ತುದಿಯವರೆಗೆ ತೆಳ್ಳನೆಯ ವಯರು ಎಳೆದರೆ ಎಂಥ ಯಂತ್ರವೂ ಸೊರಗೀತು. ಉಳಿದ ಹಣ ದಪ್ಪ ವಯರಿಗೆ, ಸರಿಯಾದ ಅರ್ತಿಂಗಿಗೆ, ಮುಖಕವಚಕ್ಕೆ ಹೋಗಲಿ. ಬಿಸಿಲ ಕನ್ನಡಕ ಸಾಕೆನ್ನುವವರ ಕಣ್ಣು ಆ ರಾತ್ರಿಯೇ ಮರಳು ಬಿದ್ದಂತೆ ಉರಿಯುತ್ತದೆ. ಮಳೆಗಾಲದ ಒದ್ದೆ ಅಂಗಳದಲ್ಲಿ ನಿಂತು ಬೆಸೆಯುವುದಂತೂ ಬೇಡವೇ ಬೇಡ.