ಜಕ್ಕವಕ್ಕಿ ಅಳುವುದಿಲ್ಲ

ನಮ್ಮ ಸಂಘದ ಕಳೆದ ಕವಿಗೋಷ್ಠಿಯಲ್ಲಿ ಓದಿದ ಹನ್ನೊಂದು ಕವಿತೆಗಳ ಪೈಕಿ ಮೂರರಲ್ಲಿ ಚಕ್ರವಾಕ ಅತ್ತಿತು. ಒಂದರಲ್ಲಿ ಚಂದ್ರನನ್ನು ನೋಡಿ, ಇನ್ನೊಂದರಲ್ಲಿ ಹೊಳೆಯ ಆಚೆ ದಡ ನೋಡಿ, ಮೂರನೆಯದರಲ್ಲಿ ಹಾಸ್ಟೆಲಿನ ಕಿಟಕಿ ನೋಡಿ! ಅಷ್ಟೊಂದು ಅಳಿಸಿದ ಕವಿಮಿತ್ರರನ್ನು ‘ಹಕ್ಕಿ ನೋಡೀರೇನ್ರಿ?’ ಅಂತ ಕೇಳಿದೆ. ಮೂವರೂ ನಕ್ಕರು. ನಾನು ಕಾಮರ್ಸಿನವ. ವೋಚರ್ ಇಲ್ಲದೆ ಲೆಕ್ಕ ಬರೀಬಾರದು ಅಂತ ನಮಗೆ ಮೊದಲ ವರ್ಷವೇ ಕಲಿಸ್ತಾರೆ. ಕವಿತೆಗೂ ಒಂದಿಷ್ಟು ವೋಚರ್ ಬೇಕು ಎಂಬುದು ನನ್ನ ವಾದ.

ಸಂಸ್ಕೃತದ ಚಕ್ರವಾಕ, ಹಳಗನ್ನಡದ ಜಕ್ಕವಕ್ಕಿ, ಹಿಂದಿಯ ಚಕವಾ, ಇಂಗ್ಲಿಷಿನ ರಡ್ಡಿ ಶೆಲ್‌ಡಕ್, ಎಲ್ಲವೂ ಒಂದೇ ಕಾಡುಬಾತು. ಉದ್ದ ಸುಮಾರು ಎರಡು ಅಡಿ. ಮೈಯೆಲ್ಲ ಕಾವಿ ಬಣ್ಣ, ತಲೆ ಸ್ವಲ್ಪ ತಿಳಿ, ಬಾಲ ಕಪ್ಪು. ಹಾರಿದಾಗ ರೆಕ್ಕೆಯಲ್ಲಿ ಬಿಳಿ ಮಿಂಚುತ್ತದೆ. ಮರಿ ಮಾಡುವ ಕಾಲದಲ್ಲಿ ಗಂಡಿನ ಕೊರಳಿಗೆ ಸಣ್ಣ ಕಪ್ಪು ಪಟ್ಟಿ ಬರುತ್ತದೆ.

ಇದರ ಸಂಸಾರವೆಲ್ಲ ನಡೆಯುವುದು ದೂರದಲ್ಲಿ. ಆಗ್ನೇಯ ಯುರೋಪಿನಿಂದ ಮಧ್ಯ ಏಷ್ಯಾ, ಮಂಗೋಲಿಯಾ, ಟಿಬೆಟ್ಟಿನವರೆಗೆ ಇದರ ತವರು. ಸ್ವಲ್ಪ ಹಕ್ಕಿಗಳು ಮೊರಾಕ್ಕೊ, ಇಥಿಯೋಪಿಯಾಗಳಲ್ಲೂ ಇವೆ. ಭಾರತದಲ್ಲಿ ಇದು ಮೊಟ್ಟೆ ಇಡುವುದು ಲಡಾಖಿನಲ್ಲಿ. ಅಲ್ಲಿನ ತ್ಸೊ ಮೊರಿರಿ ಸರೋವರ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಬಾತುಕೋಳಿ ಅಂದರೆ ಜೊಂಡಿನಲ್ಲಿ ಗೂಡು ಅಂದ್ಕೋತೀವಿ; ಇದು ಬಂಡೆಯ ಬಿರುಕು, ಯಾವುದಾದರೂ ಪ್ರಾಣಿ ತೋಡಿದ ಬಿಲ, ಮರದ ಪೊಟರೆ ಹುಡುಕುತ್ತದೆ. ಆ ಬಿಲ ಕೆಲವು ಸಲ ನೀರಿನಿಂದ ಬಹಳ ದೂರ ಇರುತ್ತದೆ. ಹೆಣ್ಣು ತನ್ನ ಮೈಯ ತುಪ್ಪುಳನ್ನೇ ಹಾಸಿ ಸುಮಾರು ಎಂಟು ಮೊಟ್ಟೆ ಇಡುತ್ತದೆ. ನಾಲ್ಕು ವಾರ ಕಾವು ಕೂರುವುದು ಹೆಣ್ಣೊಂದೇ. ಗಂಡು ಹತ್ತಿರವೇ ನಿಂತು ಕಾವಲು. ಮರಿ ಹೊರಬಂದ ಮೇಲೆ ಅಪ್ಪ ಅಮ್ಮ ಇಬ್ಬರೂ ಸೇರಿ ನೀರಿಗೆ ನಡೆಸಿಕೊಂಡು ಹೋಗುತ್ತವೆ. ಮರಿ ಹಾರಲು ಇನ್ನೂ ಎಂಟು ವಾರ. ಬೇಸಿಗೆಯಲ್ಲಿ ದೊಡ್ಡ ಹಕ್ಕಿಗಳೂ ರೆಕ್ಕೆಗರಿ ಉದುರಿಸಿ ಒಂದು ತಿಂಗಳು ಹಾರಲಾರದೆ ಇರುತ್ತವೆ.

ಆಮೇಲೆ ಹಿಮಾಲಯ ದಾಟುವ ಪ್ರಯಾಣ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೈಮೇಲೆ ಯಂತ್ರ ಕಟ್ಟಿಸಿಕೊಂಡ ಈ ಹಕ್ಕಿಗಳು 6,800 ಮೀಟರ್‌ವರೆಗೂ ಏರಿ ಹಾರಿದ್ದನ್ನು ತೋರಿಸಿತು. ಅಕ್ಟೋಬರ್ ಹೊತ್ತಿಗೆ ನಮ್ಮ ಕಡೆ ಇಳಿದು, ಏಪ್ರಿಲಿಗೆ ಹೊರಟುಬಿಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಪುಣೆಯಿಂದ ನೂರು ಕಿಲೋಮೀಟರ್ ದೂರದ ಭಿಗವಣದಲ್ಲಿ, ಉಜನಿ ಅಣೆಕಟ್ಟಿನ ಹಿನ್ನೀರಿಗೂ ಬರುತ್ತವೆ.

ಇನ್ನು ವಿರಹದ ಕಥೆ. ಯಾರದೋ ಶಾಪದಿಂದ ಗಂಡು ಹೆಣ್ಣು ರಾತ್ರಿ ಬೇರೆ ಬೇರೆ ದಡದಲ್ಲಿ ನಿಂತು ಒಂದನ್ನೊಂದು ಕೂಗುತ್ತವಂತೆ. ನಿಜವಾಗಿ ಈ ಹಕ್ಕಿ ಹೆಚ್ಚಾಗಿ ಮೇಯುವುದೇ ರಾತ್ರಿ. ಹಗಲು ಜೋಡಿಯಾಗಿ ದಡದಲ್ಲಿ ದಣಿವಾರಿಸಿಕೊಂಡದ್ದು ಕತ್ತಲಾದ ಮೇಲೆ ಹುಲ್ಲು, ಕಾಳು, ಹುಳ ಹುಡುಕುತ್ತಾ ಮೂಗಿನಲ್ಲಿ ‘ಆಂಗ್ ಆಂಗ್’ ಎಂದು ಗಟ್ಟಿಯಾಗಿ ಕೂಗುತ್ತದೆ. ಮೊದಲ ಕವಿ ಆ ಕೂಗನ್ನು ಹೊಳೆದಂಡೆಯಲ್ಲಿ ಕೇಳಿಯೇ ಬರೆದಿರಬೇಕು ಅನ್ನಿಸುತ್ತದೆ ನನಗೆ. ಆತನಿಗೆ ಕಿವಿ ಇತ್ತು. ಆಮೇಲಿನವರು? ಈ ಪತ್ರಿಕೆಯ ಸ್ಟೆನ್ಸಿಲ್ ನಿಮಗೆ ಗೊತ್ತಲ್ಲ, ಮೊದಲ ಪ್ರತಿಗಳು ನಿಚ್ಚಳ, ಕೊನೆಗೆ ಬರೀ ಮಸಿ.

‘ಕವಿಸಮಯಕ್ಕೆ ಸಾಕ್ಷಿ ಕೇಳ್ತಾರೇನಯ್ಯಾ?’ ಎಂದು ಸಾಹಿತ್ಯದ ಮಿತ್ರರು ಹೇಳಬಹುದು. ಸರಿ, ಸಾಹಿತ್ಯದಿಂದಲೇ ಸಾಕ್ಷಿ ಕೊಡ್ತೀನಿ. ಅಥರ್ವವೇದದ ಮದುವೆಯ ಸೂಕ್ತದಲ್ಲಿ ಹೊಸ ದಂಪತಿಗಳು ಚಕ್ರವಾಕದ ಜೋಡಿಯಂತಿರಲಿ ಎಂಬ ಹಾರೈಕೆ ಇದೆ. ಅಗಲಿಕೆಯ ಶಾಪ ಹೊತ್ತ ಹಕ್ಕಿಯನ್ನು ಯಾರಾದರೂ ಮದುವೇಲಿ ನೆನೀತಾರಾ? ಒಟ್ಟಿಗೆ ಬಾಳುವ ಹಕ್ಕಿ ಎಂದೇ ಆ ಹಳಬರು ಅದನ್ನು ಬಲ್ಲರು. ಬಿಲದ ಬಾಯಲ್ಲಿ ಕಾವಲು ನಿಂತ ಗಂಡಿನ ಮೇಲೆ, ಎಂಟು ಮರಿ ನಡೆಸಿಕೊಂಡು ಹೋಗುವ ಜೋಡಿಯ ಮೇಲೆ ನಮ್ಮಲ್ಲಿ ಯಾರು ಕವಿತೆ ಬರೆದಿದ್ದಾರೆ?

ಇದು ಬರೀ ಕವಿತೆಯ ತಕರಾರಲ್ಲ. ಕನ್ನಡ ಶಾಲೆಯಲ್ಲಿ ‘ಜಕ್ಕವಕ್ಕಿ: ಒಂದು ಬಗೆಯ ಪಕ್ಷಿ’ ಅಂತ ಬಾಯಿಪಾಠ ಮಾಡಿದೆವು. ಯಾವ ಬಗೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಅದೇ ಹಕ್ಕಿ ಕಣ್ಮುಂದೆ ನಿಂತರೂ ಇಂಗ್ಲಿಷ್ ಹೆಸರನ್ನೇ ಹುಡುಕುತ್ತೇವೆ. ಹೆಸರು ಒಂದು ಕಡೆ, ಹಕ್ಕಿ ಇನ್ನೊಂದು ಕಡೆ. ವಿರಹ ಅಂದರೆ ಇದು ನೋಡ್ರಿ! ಊರು ಬಿಟ್ಟು ಬಂದ ನಮ್ಮಂಥವರಲ್ಲಿ ಭಾಷೆ ಹೀಗೇ ಸಾಯುತ್ತದೆ. ಶಬ್ದಕೋಶದಲ್ಲಿ ಪದ ಇದ್ದೇ ಇರುತ್ತದೆ. ಬೆರಳು ಮಾಡಿ ತೋರಿಸಿ ‘ಅಗೋ’ ಅನ್ನುವವರು ಇರುವುದಿಲ್ಲ.

ಅದಕ್ಕೇ ಸಂಘಕ್ಕೆ ನನ್ನದೊಂದು ಸೂಚನೆ. ಈ ಜನವರಿಯ ಪ್ರವಾಸ ಭಿಗವಣಕ್ಕೆ ಆಗಲಿ. ಅದು ನಮ್ಮ ಭೀಮೆಯದೇ ನೀರು. ಅಲ್ಲಿ ತುಂಬಿ ಮುಂದೆ ವಿಜಯಪುರ, ಕಲಬುರಗಿಯ ಕಡೆ ಹರಿಯುತ್ತದೆ. ಬಸ್ಸಿನ ಖರ್ಚಿನ ಲೆಕ್ಕ ನಾನು ಬರೀತೀನಿ, ವೋಚರ್ ಸಮೇತ. ಹಕ್ಕಿಗಳು ಏಪ್ರಿಲಿಗೆ ಹೊರಡುತ್ತವೆ, ನಮ್ಮ ಪರೀಕ್ಷೆಯೂ ಅಷ್ಟೊತ್ತಿಗೇ. ಅದಕ್ಕೆ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಕವಿಮಿತ್ರರು ಮೂವರೂ ಮುಂದಿನ ಸೀಟಿನಲ್ಲಿ ಕೂತುಕೊಳ್ಳಬೇಕೆಂದು ವಿನಂತಿ.